ನಿಮ್ಮ ಅಂಕ ಹೇಳದೆ ಒಟ್ಟು ಅಂಕ ತಿಳಿಯುವುದು ಹೇಗೆ?

ಬೀದಿಯ ಚೀಟಿ ಗುಂಪಿಗೆ ಹೊಸಬರೊಬ್ಬರು ಸೇರಲು ಬಂದಿದ್ದಾರೆ ಎನ್ನಿ. ಹಳಬರು ಐವರು. ಹೊಸಬರ ಮೇಲೆ ನಂಬಿಕೆ ಎಷ್ಟಿದೆ ಎಂದು ಹಳಬರಲ್ಲಿ ಪ್ರತಿಯೊಬ್ಬರೂ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಬೇಕು. ಎದುರಿಗೇ ಕೇಳಿದರೆ ಎಲ್ಲರೂ ಎಂಟು ಎನ್ನುತ್ತಾರೆ. ನಾಳೆ ಹಾಲಿನ ಅಂಗಡಿಯಲ್ಲಿ ಮುಖ ನೋಡಬೇಕಲ್ಲ! ಈ ಮುಲಾಜು ನಮ್ಮ ಬೀದಿಯದು ಮಾತ್ರವಲ್ಲ. ಮಾರಾಟಗಾರರು ತಿರುಗಿ ಕೆಟ್ಟ ಅಂಕ ಕೊಟ್ಟಾರೆಂದು ಇಬೇ ಎಂಬ ಆನ್‌ಲೈನ್ ಮಾರಾಟ ತಾಣದ ಗ್ರಾಹಕರು ಅಂಜುತ್ತಿದ್ದರು. ಕೊಳ್ಳುವವರ ಬಗ್ಗೆ ಮಾರಾಟಗಾರರು ಕೆಟ್ಟ ಅಭಿಪ್ರಾಯ ಬರೆಯುವುದನ್ನೇ ಆ ತಾಣ 2008ರಲ್ಲಿ ನಿಲ್ಲಿಸಿತು.

ಡಬ್ಬಿಗೆ ಕಾಗದ ಹಾಕಿದರೆ ಸಾಲದೇ? ಸಾಲದು. ಐವರ ಕೈಬರಹ ಐವರಿಗೂ ಗೊತ್ತು. ‘ಗುಪ್ತ’ ಎಂದು ಬರೆದುಕೊಂಡಿರುವ ಮೊಬೈಲ್ ಆ್ಯಪ್‌ಗಳನ್ನಂತೂ ನಾನು ಮುಟ್ಟುವುದಿಲ್ಲ. ಸದಸ್ಯರಿಗೆ ಗುಪ್ತವಾಗಿರುವುದು ಆ್ಯಪ್ ನಡೆಸುವವರಿಗೆ ತೆರೆದ ಪುಸ್ತಕ. ನಡುವೆ ಯಾರೂ ಇರದ ಲೆಕ್ಕ ಬೇಕು.

ಮೊದಲು, ಅಂಕವನ್ನು ಮನಸ್ಸಿನಲ್ಲೇ ನಿಶ್ಚಯಿಸಿ. ಏಳು ಎಂದಿಟ್ಟುಕೊಳ್ಳೋಣ.

ಎರಡನೆಯದು, ಅದನ್ನು ಐದು ತುಂಡು ಮಾಡುವುದು. ಜನ ಎಡವುವುದು ಇಲ್ಲೇ. ನಾನು ಹೇಳಿಕೊಟ್ಟ ಮೊದಲ ಗುಂಪಿನಲ್ಲಿ ಒಬ್ಬರು ಏಳನ್ನು 6, 1, 0, 0, 0 ಎಂದು ಒಡೆದರು. ಆರು ಸಿಕ್ಕವರಿಗೆ ಗುಟ್ಟು ಅಲ್ಲೇ ಸಿಕ್ಕಿಹೋಯಿತು: ಅಂಕ ಆರಕ್ಕಿಂತ ಕಡಿಮೆ ಇರಲಾರದು! ತುಂಡು ನೋಡಿದರೆ ಅಂಕದ ವಾಸನೆಯೂ ಬಡಿಯಬಾರದು. ಅದಕ್ಕೊಂದು ನಿಯಮ: ಎಷ್ಟೇ ದೊಡ್ಡ ಮೊತ್ತ ಬಂದರೂ ಕೊನೆಯ ಮೂರು ಅಂಕಿ ಮಾತ್ರ ಲೆಕ್ಕಕ್ಕೆ. ಗಡಿಯಾರ ಹನ್ನೆರಡು ದಾಟಿದ ಮೇಲೆ ಮತ್ತೆ ಒಂದಕ್ಕೆ ಬರುವ ಹಾಗೆ, ನಮ್ಮ ಲೆಕ್ಕ 999 ದಾಟಿದರೆ ಸೊನ್ನೆಗೆ ಬರುತ್ತದೆ.

ಈಗ 000ರಿಂದ 999ರೊಳಗಿನ ನಾಲ್ಕು ಸಂಖ್ಯೆಗಳನ್ನು ಮನಬಂದಂತೆ ಆರಿಸಿ. ‘ಮನಬಂದಂತೆ’ ಎಂದೆ, ಆದರೆ ಮನಸ್ಸನ್ನು ನಂಬಬೇಡಿ. ಅದು ಹುಟ್ಟಿದ ದಿನಕ್ಕೋ ಸ್ಕೂಟರ್ ನಂಬರಿಗೋ ಓಡುತ್ತದೆ. ನಾನು ಹಳೆಯ ನೋಟುಗಳ ಕೊನೆಯ ಮೂರು ಅಂಕಿ ತೆಗೆದುಕೊಳ್ಳುತ್ತೇನೆ. ಗರಿಗರಿ ಹೊಸ ನೋಟು ಬೇಡ, ಅವು ಸಾಲಾಗಿ ಬಂದಿರುತ್ತವೆ. (ಯುಪಿಐ ಬಂದ ಮೇಲೆ ಪರ್ಸಿನಲ್ಲಿ ನಾಲ್ಕು ನೋಟು ಸಿಗುವುದೇ ಕಷ್ಟ.)

ನನಗೆ ಸಿಕ್ಕಿದ್ದು 482, 915, 036, 640. ಕೂಡಿದರೆ 2073, ಕೊನೆಯ ಮೂರು ಅಂಕಿ 073. ಏಳು ಬರಬೇಕಾದರೆ ಐದನೆಯ ತುಂಡು ಏಳರಲ್ಲಿ ಎಪ್ಪತ್ತಮೂರು ಕಳೆದದ್ದು. ಸಾಲದಿದ್ದರೆ ಸಾವಿರ ಸೇರಿಸಿಕೊಳ್ಳಿ: 1007ರಲ್ಲಿ 73 ಹೋದರೆ 934. ತಾಳೆ ನೋಡಿ: 2073 ಮತ್ತು 934 ಕೂಡಿದರೆ 3007, ಅಂದರೆ 007. ತಾಳೆ ನೋಡದೆ ಮುಂದೆ ಹೋದವರಿಂದ ಇಡೀ ಗುಂಪಿನ ಲೆಕ್ಕ ಹಾಳಾಗಿದ್ದನ್ನು ಎರಡು ಸಲ ಕಂಡಿದ್ದೇನೆ.

ಮೂರನೆಯದು, ಒಂದು ತುಂಡನ್ನು ನೀವಿಟ್ಟುಕೊಂಡು ಉಳಿದ ನಾಲ್ಕನ್ನು ನಾಲ್ವರಿಗೆ, ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಕೊಡಿ. ಗುಂಪಿನ ವಾಟ್ಸ್ಆ್ಯಪ್‌ನಲ್ಲಿ ಹಾಕಬೇಡಿ.

ನಾಲ್ಕನೆಯದು, ನಿಮ್ಮ ಕೈಯಲ್ಲಿರುವ ಐದು ತುಂಡುಗಳನ್ನು (ನಿಮ್ಮದೊಂದು, ಹೀಗೆಯೇ ಉಳಿದವರು ಕೊಟ್ಟ ನಾಲ್ಕು) ಕೂಡಿ, ಕೊನೆಯ ಮೂರು ಅಂಕಿಯನ್ನು ಕಾಗದದಲ್ಲಿ ಬರೆದು ಬೋರಲು ಇಡಿ. ಐವರೂ ಒಟ್ಟಿಗೆ ಮಗುಚಿ. ಒಬ್ಬೊಬ್ಬರಾಗಿ ಹೇಳುತ್ತಾ ಹೋದರೆ, ಕೊನೆಯವರು ಮೊತ್ತವನ್ನು ತಮಗೆ ಬೇಕಾದಂತೆ ತಿರುಗಿಸಬಹುದು. ಬಂದದ್ದು 118, 702, 455, 861, 901 ಆದರೆ ಮೊತ್ತ 3037. ಹೊಸಬರಿಗೆ ಸಿಕ್ಕಿದ್ದು 37, ಸರಾಸರಿ 7.4. ಮೂವರು ಸೇರಿ ಪಿತೂರಿ ಮಾಡಿದರೂ ಉಳಿದಿಬ್ಬರ ಅಂಕಗಳ ಮೊತ್ತ ಸಿಕ್ಕೀತು, ಯಾರದೆಷ್ಟು ಎಂಬುದು ಸಿಗದು.

ಒಂದು ಅಡ್ಡದಾರಿಯೂ ಉಂಟು: ಮೊದಲನೆಯವರು ಗುಟ್ಟಿನ ಸಂಖ್ಯೆಯೊಂದಕ್ಕೆ ತಮ್ಮ ಅಂಕ ಸೇರಿಸಿ ಪಕ್ಕದವರ ಕಿವಿಯಲ್ಲಿ ಹೇಳುವುದು, ಅವರು ತಮ್ಮದನ್ನು ಕೂಡಿ ಮುಂದಕ್ಕೆ ದಾಟಿಸುವುದು, ಕೊನೆಗೆ ಮೊದಲನೆಯವರು ಗುಟ್ಟಿನ ಸಂಖ್ಯೆ ಕಳೆದು ಮೊತ್ತ ಹೇಳುವುದು. ಬೇಗ ಮುಗಿಯುತ್ತದೆ, ನಿಜ. ಆದರೆ ನಿಮ್ಮ ಎಡಬಲದವರು ಸಂಜೆ ಚಹಾ ಕುಡಿಯುತ್ತಾ ತಾವು ಹೇಳಿದ್ದನ್ನೂ ಕೇಳಿದ್ದನ್ನೂ ಕಳೆದು ನೋಡಿದರೆ ನಿಮ್ಮ ಅಂಕ ಬಯಲು. ಅದು ಬೇಡ.

ಇದೇ ಬಗೆಯ ಗಣಿತ ಡೆನ್ಮಾರ್ಕಿನಲ್ಲಿ 2008ರ ಜನವರಿಯಲ್ಲಿ ನಿಜವಾದ ವ್ಯಾಪಾರಕ್ಕೆ ಬಂತು. ಸಕ್ಕರೆ ಬೀಟ್ ಬೆಳೆಯುವ ಸುಮಾರು 1200 ರೈತರು ಕಾರ್ಖಾನೆಗೆ ತಮ್ಮ ಬೆಲೆಯ ಗುಟ್ಟು ಬಿಟ್ಟುಕೊಡದೆ ಹರಾಜಿನಲ್ಲಿ ಪಾಲ್ಗೊಂಡರು. ಲೆಕ್ಕವನ್ನು ಕಾರ್ಖಾನೆ, ಬೆಳೆಗಾರರ ಸಂಘ ಮತ್ತು ಸಂಶೋಧಕರ ಮೂರು ಕಂಪ್ಯೂಟರ್‌ಗಳು ಹಂಚಿಕೊಂಡಿದ್ದವು.

ಒಂದು ಕೊರತೆ ಹೇಳಲೇಬೇಕು. ಯಾರಾದರೂ ಏಳರ ಬದಲು ಮೈನಸ್ ಇಪ್ಪತ್ತನ್ನು ತುಂಡು ಮಾಡಿ ಹಂಚಿದರೆ ಕಾಗದದ ಮೇಲೆ ಹಿಡಿಯುವ ಬಗೆಯಿಲ್ಲ. ಕಂಪ್ಯೂಟರ್‌ಗಳಲ್ಲಿ ಅಂಕ ಹತ್ತರೊಳಗಿದೆ ಎಂದು ಅಂಕ ತೋರಿಸದೆಯೇ ಸಾಬೀತುಪಡಿಸುವ ಗಣಿತ ಇದೆ. ಚೀಟಿ ಗುಂಪಿಗೆ ಅದು ಅತಿಯಾಯಿತು.

ಇನ್ನು, ಲೆಕ್ಕವನ್ನು ಒಮ್ಮೆ ಮಾತ್ರ ಮಾಡಿ. ಒಬ್ಬರು ಎದ್ದುಹೋದರೆಂದು ಉಳಿದ ನಾಲ್ವರು ಮತ್ತೆ ಕೂಡಿದಾಗ 35 ಬಂತೆನ್ನಿ: ಎದ್ದುಹೋದವರು ಎರಡೇ ಅಂಕ ಕೊಟ್ಟಿದ್ದರೆಂಬ ಸುದ್ದಿ ಸಂಜೆಯೊಳಗೆ ಹೊಸಬರ ಮನೆ ತಲುಪಿರುತ್ತದೆ.