ಪುಚ್ಚೆಯೂ ಲೆಕ್ಕ, ಬೆಕ್ಕೂ ಲೆಕ್ಕ: ಮಗುವಿನ ಮಾತನ್ನು ಮನೆಯಲ್ಲೇ ಗಮನಿಸುವುದು ಹೇಗೆ?

ಮಗನಿಗೆ ಒಂದೂವರೆ ವರ್ಷ ಆದಾಗ ಲಸಿಕೆ ಹಾಕಿಸಲು ಹೋಗಿದ್ದೆವು. "ಎಷ್ಟು ಶಬ್ದ ಹೇಳ್ತಾನೆ?" ಅಂತ ಅಲ್ಲಿದ್ದವರು ಕೇಳಿದರು. ಬೆರಳು ಮಡಚಿ ಎಣಿಸಿದೆ. ಅಮ್ಮ, ಅಪ್ಪ, ಆಲು, ಬಾ. ನಾಲ್ಕು. ಕೇಳಿದವರು ಮುಖ ಸಣ್ಣ ಮಾಡಿ, "ಮನೆಯಲ್ಲಿ ಮೂರ್ಮೂರು ಭಾಷೆ ಆದರೆ ಹೀಗೇ, ಇನ್ನು ಒಂದೇ ಭಾಷೆ ಮಾತಾಡಿ" ಅಂದುಬಿಟ್ಟರು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ಒಂದೇ ಭಾಷೆ ಅಂದರೆ ಯಾವುದು ಮಾರಾಯ್ರೇ? ಒಳಗೆ ಕನ್ನಡ, ಅಡಿಕೆ ಸುಲಿಯಲು ಬರುವವರ ಹತ್ತಿರ ತುಳು, ಬೇಲಿಯಾಚೆ ಮಲಯಾಳ.

ಮನೆಗೆ ಬಂದು ಎರಡು ದಿನ ಸುಮ್ನೆ ಅವನ ಹಿಂದೆಯೇ ತಿರುಗಿದೆ. ಬೆಕ್ಕು ಕಂಡರೆ ತುಳುವಿನ 'ಪುಚ್ಚೆ'. ಪಕ್ಕದ ಮನೆಯ ಉಮ್ಮನ ಹತ್ತಿರ ನೀರು ಬೇಕಾದರೆ ಮಲಯಾಳದ 'ವೆಳ್ಳ'. ಅಂಗಳದಲ್ಲಿ ಕೂತವರನ್ನು ಕರೆಯುವುದು 'ಬಲೆ', ಅಂದರೆ ತುಳುವಿನಲ್ಲಿ 'ಬನ್ನಿ'. ದನಕ್ಕೆ 'ಅಂಬಾ'. ಎಲ್ಲ ಸೇರಿಸಿದರೆ ಹದಿಮೂರು! ನಾನು ನನ್ನ ಭಾಷೆಯದ್ದನ್ನು ಮಾತ್ರ ಎಣಿಸಿದ್ದೆ.

ಹಾಗಾಗಿ ಮೊದಲ ಕೆಲಸ, ಒಂದು ನೋಟ್‌ಬುಕ್. ದಿನಾಂಕ, ಮಗು ಹೇಳಿದ್ದು (ಅದು ಹೇಳಿದ ಹಾಗೇ, ತಿದ್ದಬೇಡಿ), ಯಾವುದಕ್ಕೆ ಹೇಳಿತು, ಯಾರ ಹತ್ತಿರ ಹೇಳಿತು. ಇಷ್ಟು ಸಾಕು. ಅಜ್ಜಿಯ ಹತ್ತಿರವೂ ಕೇಳಿ ಬರೆಯಿರಿ, ಅವರ ಕಿವಿಗೆ ಬಿದ್ದದ್ದು ನಮಗೆ ಗೊತ್ತಿರುವುದಿಲ್ಲ. ವಾರಕ್ಕೊಮ್ಮೆ ಒಂದು ನಿಮಿಷದ ವಿಡಿಯೋ ಮಾಡಿಡಿ. ಫೋನನ್ನು ಮುಖಕ್ಕೆ ಹಿಡಿದರೆ ಮಗು ಫೋನನ್ನೇ ಕೇಳುತ್ತದೆ, ಸ್ನಾನದ ಹೊತ್ತಲ್ಲೋ ಊಟದ ಹೊತ್ತಲ್ಲೋ ದೂರದಿಂದ ಮಾಡಿ.

ಯಾವುದನ್ನು ಶಬ್ದ ಅಂತ ಎಣಿಸಬೇಕು? ಉಚ್ಚಾರ ಸರಿ ಇರಬೇಕಾಗಿಲ್ಲ. ಅದೇ ಸದ್ದನ್ನು ಅದೇ ವಸ್ತುವಿಗೆ ಮತ್ತೆ ಮತ್ತೆ ಬಳಸಿದರೆ ಅದು ಶಬ್ದ. 'ಆಲು' ಅಂದರೆ ಹಾಲು ಅಂತಲೇ ಲೆಕ್ಕ. 'ಮಮ್ಮು', 'ಬೌಬೌ', 'ಟಾಟಾ' ಎಲ್ಲವೂ ಲೆಕ್ಕ. ಕನ್ನಡದ 'ಬೇಡ', ಮಲಯಾಳದ 'ವೇಂಡ', ತುಳುವಿನ 'ಬೊಡ್ಚಿ', ಅರ್ಥ ಒಂದೇ ಆದರೂ ಮೂರನ್ನೂ ಹೇಳಿದರೆ ಮೂರು ಶಬ್ದ. ಆದರೆ ನಾವು "ಬಾಳೆಹಣ್ಣು" ಅಂದ ಕೂಡಲೇ "ಆಣ್ಣು" ಅಂತ ಗಿಳಿಯ ಹಾಗೆ ಹೇಳಿ ಆಮೇಲೆ ಒಮ್ಮೆಯೂ ತಾನಾಗಿ ಹೇಳದಿದ್ದರೆ ಅದನ್ನು ಸದ್ಯಕ್ಕೆ ಬಿಡಿ. ಫೋನ್ ನೋಡಿ ಎ ಬಿ ಸಿ ಪೂರ್ತಿ ಹೇಳುವ, ಆದರೆ ಬಾಯಾರಿದರೆ ನೀರು ಕೇಳದ ಮಕ್ಕಳೂ ಇದ್ದಾರೆ. ಬಾಯಿಪಾಠ ಬೇರೆ, ಮಾತು ಬೇರೆ. ಫೋನಿನ ವಿಷಯ ಬಂತಲ್ವಾ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ.

ಎಲ್ಲರೂ ಬಾಯಿ ನೋಡುತ್ತಾರೆ, ನಾನು ಹೇಳುವುದು ಬೆರಳು ನೋಡಿ ಅಂತ. ಒಂದು ವರ್ಷದ ಆಸುಪಾಸಿನಲ್ಲಿ ಮಗು ಬೆರಳು ತೋರಿಸಲು ಶುರು ಮಾಡುತ್ತದೆ. ಅದರಲ್ಲಿ ಎರಡು ಬಗೆ. ಬಿಸ್ಕತ್ತಿನ ಡಬ್ಬಿ ತೋರಿಸುವುದು 'ಕೊಡು' ಅಂತ. ಇನ್ನೊಂದು ಸುಮ್ನೆ 'ನೋಡು' ಅಂತ. ನಮ್ಮವನು ಒಮ್ಮೆ ತೆಂಗಿನಮರದಲ್ಲಿ ಮಂಗ ಕಂಡು ಬೆರಳು ಎತ್ತಿದ. ಆಮೇಲೆ ತಿರುಗಿ ನನ್ನ ಮುಖ ನೋಡಿದ, ನಾನು ನೋಡಿದೆನೋ ಇಲ್ಲವೋ ಅಂತ. ಮತ್ತೆ ಮಂಗನ ಕಡೆ. ಅವನಿಗೆ ಮಂಗ ಬೇಕಾಗಿರಲಿಲ್ಲ, ನಾನೂ ನೋಡಬೇಕಿತ್ತು ಅಷ್ಟೇ. ಶಬ್ದ ಒಂದೂ ಬರಲಿಲ್ಲ, ಆದರೆ ಅದು ಪೂರ್ತಿ ಮಾತುಕತೆ. ಈ ಎರಡನೇ ಬಗೆ ಕಂಡ ದಿನ ನೋಟ್‌ಬುಕ್ಕಿನಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಒಂದೂವರೆ ವರ್ಷ ಆದರೂ ಇದು ಕಾಣದಿದ್ದರೆ ಶಬ್ದ ಎಷ್ಟಿದ್ದರೂ ಒಮ್ಮೆ ಡಾಕ್ಟರರಿಗೆ ತೋರಿಸಿ.

ಅರ್ಥ ಆಗುತ್ತದೋ ಅಂತ ನೋಡುವಾಗ ನಾವೇ ಮೋಸ ಹೋಗುತ್ತೇವೆ. "ಚಪ್ಪಲಿ ತಾ" ಅನ್ನುತ್ತಾ ಕೈಯೂ ಚಪ್ಪಲಿ ಕಡೆ, ಕಣ್ಣೂ ಚಪ್ಪಲಿ ಕಡೆ! ಮಗು ಕೈ ನೋಡಿ ತರುತ್ತದೆ. ಕೈ ಕಟ್ಟಿಕೊಂಡು, ಮಗುವಿನ ಮುಖ ನೋಡುತ್ತಾ ಹೇಳಿ. ಒಂದೂವರೆ ವರ್ಷಕ್ಕೆ ಹೀಗೆ ಹೇಳಿದ ಸಣ್ಣ ಕೆಲಸವನ್ನು ಮಗು ಮಾಡಬೇಕು. ಹೇಳಿದ ಮೇಲೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ನನಗೆ ಮೂರಕ್ಕೇ ತಾಳ್ಮೆ ತಪ್ಪುತ್ತಿತ್ತು.

ಇನ್ನು ಕಿವಿ. ಎರಡು ಮೂರು ತಿಂಗಳಿಗೆ 'ಊ', 'ಆ' ಅನ್ನುವುದು ಕಿವಿ ಕೇಳದ ಮಕ್ಕಳಲ್ಲೂ ಇರುತ್ತದೆ, ಅದನ್ನು ನಂಬಿ ಕೂರಬೇಡಿ. ಆರರಿಂದ ಹತ್ತು ತಿಂಗಳೊಳಗೆ 'ಬಬಬ', 'ದದದ' ಅಂತ ಬರಬೇಕು, ಕೇಳದ ಮಕ್ಕಳಲ್ಲಿ ತಡವಾಗುವುದು ಅದು. ಒಂಬತ್ತು ತಿಂಗಳಿಗೆ ಹೆಸರು ಕರೆದರೆ ತಿರುಗಬೇಕು. ಹಿಂದಿನಿಂದ, ನೆರಳು ಬೀಳದ ಹಾಗೆ, ಮೆಲ್ಲಗೆ ಕರೆದು ನೋಡಿ. ಪಾತ್ರೆ ಬಡಿದಾಗ ಬೆಚ್ಚಿಬಿದ್ದಿತು ಅಂದ ಮಾತ್ರಕ್ಕೆ ಕಿವಿ ಸರಿ ಇದೆ ಅಂತಲ್ಲ, ದೊಡ್ಡ ಸದ್ದು ಕೇಳಿ ಸಣ್ಣ ಸದ್ದು ಕೇಳದಿರಬಹುದು. ಮಳೆಗಾಲದಲ್ಲಿ ಶೀತವಾದ ಮೇಲೆ ಕಿವಿತಮಟೆಯ ಹಿಂದೆ ನೀರು ನಿಂತು ಕೆಲವು ವಾರ ಮಂದವಾಗುವುದೂ ಉಂಟು. ಹಾಗಾಗಿ ಶೀತ ಬಂದ ದಿನಗಳನ್ನೂ ಬರೆದಿಡಿ.

ವಯಸ್ಸಿನ ಲೆಕ್ಕ ಬೇಕೆನ್ನುವವರಿಗೆ: ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2022ರಲ್ಲಿ ತಿದ್ದಿದ ಪಟ್ಟಿಯ ಪ್ರಕಾರ 18 ತಿಂಗಳಿಗೆ ಅಮ್ಮ, ಅಪ್ಪ ಬಿಟ್ಟು ಮೂರು ಶಬ್ದ, ಎರಡು ವರ್ಷಕ್ಕೆ ಎರಡು ಶಬ್ದದ ಜೋಡಿ, ಎರಡೂವರೆಗೆ ಸುಮಾರು 50 ಶಬ್ದ, ಮೂರಕ್ಕೆ ಹೊರಗಿನವರಿಗೂ ಹೆಚ್ಚಿನ ಮಾತು ತಿಳಿಯಬೇಕು. ಇದು ನೂರರಲ್ಲಿ 75 ಮಕ್ಕಳಾದರೂ ಮುಟ್ಟುವ ಮಟ್ಟ. 'ಆಲು ಬೇಡ', 'ಪುಚ್ಚೆ ಬಾ' ಅಂತ ಭಾಷೆ ಬೆರೆಸಿದರೂ ಅದು ಜೋಡಿಯೇ. ಕನ್ನಡದಲ್ಲಿ ಇನ್ನೊಂದು ಉಂಟು, 'ಅಮ್ಮ' ಅನ್ನುತ್ತಿದ್ದವನು 'ಅಮ್ಮಂಗೆ' ಅಂದ ದಿನ ಶಬ್ದ ಹೆಚ್ಚಾಗಲಿಲ್ಲ, ಆದರೆ ಭಾಷೆ ಬೆಳೆಯಿತು. ಬರೆಯಿರಿ. ರ, ಳ, ಶ ತಡವಾಗಿ ಬರುವ ಅಕ್ಷರಗಳು, ಎರಡು ವರ್ಷಕ್ಕೆ ಅದರ ಚಿಂತೆ ಬೇಡ. ನಮ್ಮವನು ಮರಕ್ಕೆ 'ಮಲ' ಅನ್ನುತ್ತಿದ್ದ, ಮಲಯಾಳದಲ್ಲಿ 'ಮಲ' ಅಂದರೆ ಗುಡ್ಡ, ಪಕ್ಕದ ಮನೆಯವರು ಗುಡ್ಡ ಎಲ್ಲಿದೆ ಅಂತ ಹುಡುಕುತ್ತಿದ್ದರು.

ಮೂರು ಭಾಷೆ ಕೇಳಿದರೆ ಮಾತು ತಡ ಅನ್ನುವುದು ಸುಳ್ಳು. ಭಾಷೆ ಬಿಡಿಸಿದರೆ ಅಜ್ಜಿಯ ಮಾತು ತಪ್ಪುತ್ತದೆ ಅಷ್ಟೇ. ನಾಲಿಗೆಗೆ ಬಜೆ ತೇಯ್ದು ಹಚ್ಚಿದರೆ ಮಾತು ಬರುವುದಿಲ್ಲ. ಗಂಡುಮಕ್ಕಳು ಸ್ವಲ್ಪ ತಡ ಅನ್ನುವುದು ಕೆಲವು ತಿಂಗಳ ಮಾತು, ವರ್ಷಗಳದ್ದಲ್ಲ. ಬಂದ ಮಾತು ನಿಂತುಹೋದರೆ, ಯಾವ ವಯಸ್ಸೇ ಆಗಲಿ, ಅದೇ ವಾರ ಹೊರಡಿ.

ಹೋಗುವುದೆಲ್ಲಿಗೆ? ಮೊದಲು ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಹತ್ತಿರ ಹೇಳಿ. ಜಿಲ್ಲಾ ಮಟ್ಟದಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೋಡಿಕೊಳ್ಳಲೆಂದೇ ಡಿಇಐಸಿ ಅನ್ನುವ ಸರ್ಕಾರಿ ಕೇಂದ್ರ ಇದೆ. ಮಾತು ಮತ್ತು ಕಿವಿಯ ತೊಂದರೆ ನೋಡುವ ಸಂಸ್ಥೆಗಳಾದ ತಿರುವನಂತಪುರದ ನಿಶ್ 1997ರಿಂದ, ಮೈಸೂರಿನ ಆಯಿಶ್ 1965ರಿಂದ ಇದೇ ಕೆಲಸದಲ್ಲಿವೆ. ಮೈಸೂರಿನಲ್ಲಿ ಕನ್ನಡದಲ್ಲೇ ಮಾತಾಡಿಸುತ್ತಾರೆ ಅನ್ನುವುದು ನಮಗೆ ದೊಡ್ಡ ವಿಷಯ. ಇಲ್ಲಿ ನೋಡುವವರಿಗೆ ಮಲಯಾಳ ಮಾತ್ರ ಬರುವುದಾದರೆ ನೋಟ್‌ಬುಕ್ಕಿನ ಪ್ರತಿ ಶಬ್ದದ ಪಕ್ಕ ಮಲಯಾಳದ ಅರ್ಥ ಬರೆದು ಕೊಡಿ, ಇಲ್ಲದಿದ್ದರೆ ಮಗು 'ಬೇಡ' ಅಂದದ್ದು ಅವರ ಲೆಕ್ಕಕ್ಕೇ ಬರುವುದಿಲ್ಲ.

ಕಿವಿಯ ಬೆರಾ ಪರೀಕ್ಷೆ (ಸದ್ದು ಕೇಳಿಸಿ, ತಲೆಗೆ ವಯರು ಅಂಟಿಸಿ ಮೆದುಳಿನ ಪ್ರತಿಕ್ರಿಯೆ ನೋಡುವುದು) ಬರೆದುಕೊಟ್ಟರೆ ಅದನ್ನು ಮಗು ನಿದ್ದೆ ಮಾಡುವಾಗ ಮಾಡುತ್ತಾರೆ. ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ಏನು ಮಾಡಿಯಾದರೂ ಮಲಗಲು ಬಿಡಬೇಡಿ. ದಾರಿಯಲ್ಲೇ ನಿದ್ದೆ ಮುಗಿಸಿದ ಮಗು ಅಲ್ಲಿ ಹೋಗಿ ಮಿಷನ್ನಿನ ವಯರು ಎಳೆಯುತ್ತಾ ಕೂರುತ್ತದೆ.