ಜೆಲ್ ತಾಳೆಯಾಗಬೇಕಾದರೆ ಮೊದಲು ಪ್ಲಗ್ ಸರಿಯಾಗಬೇಕು

ಎರಡು ಊರಿನ ವಾಂತಿಭೇದಿ ರೋಗಿಗಳಲ್ಲಿ ಸಿಕ್ಕ ಸಾಲ್ಮೊನೆಲ್ಲಾ ಒಂದೇ ಮೂಲದ್ದೋ ಅಲ್ಲವೋ ಎಂದು ಹೇಳಬೇಕಾದರೆ ಎರಡೂ ಲ್ಯಾಬಿನ ಜೆಲ್‌ಗಳು (ಬ್ಯಾಕ್ಟೀರಿಯಾದ ಡಿಎನ್ಎ ತುಂಡುಗಳು ಗಾತ್ರಕ್ಕೆ ತಕ್ಕಂತೆ ಪಟ್ಟಿಗಳಾಗಿ, ಅಂದರೆ ಬ್ಯಾಂಡ್‌ಗಳಾಗಿ, ಬೇರ್ಪಡುವ ಹಾಳೆಗಳು) ಅಕ್ಕಪಕ್ಕ ಇಟ್ಟು ನೋಡುವಂತಿರಬೇಕು. ಅಮೆರಿಕದಲ್ಲಿ 1993ರ ಇ. ಕೋಲೈ ಒ157:ಎಚ್7 ಹಾವಳಿಯ ನಂತರ, 1996ರಲ್ಲಿ ಲ್ಯಾಬುಗಳ ಜಾಲವಾದ ಪಲ್ಸ್‌ನೆಟ್ ಶುರುವಾದದ್ದು ಇದಕ್ಕಾಗಿಯೇ. ನಾವು ಹಿಡಿದದ್ದೂ ಅದರ ಅಂದಿನ ಪಿಎಫ್‌ಜಿಇ (ವಿದ್ಯುತ್ತಿನ ದಿಕ್ಕು ಬದಲಿಸುತ್ತಾ ದೊಡ್ಡ ಡಿಎನ್ಎ ತುಂಡುಗಳನ್ನು ಜೆಲ್‌ನಲ್ಲಿ ಬೇರ್ಪಡಿಸುವ) ಕ್ರಮವನ್ನೇ. ಬ್ಯಾಂಡ್ ಕೆಟ್ಟರೆ ಎಲ್ಲರೂ ಮೊದಲು ಎಲೆಕ್ಟ್ರೊಫೊರೆಸಿಸ್ ಯಂತ್ರದ ಮೇಲೆ ಅನುಮಾನಪಡುತ್ತಾರೆ. ನಮಗೆ ತಪ್ಪು ಹೆಚ್ಚಾಗಿ ಸಿಕ್ಕಿದ್ದು ಪ್ಲಗ್‌ನಲ್ಲಿ, ಅಂದರೆ ಬ್ಯಾಕ್ಟೀರಿಯಾವನ್ನು ಅಗರೋಸ್ ಜೆಲ್‌ನಲ್ಲಿ ಹಿಡಿದಿಡುವ ಪುಟ್ಟ ತುಣುಕಿನಲ್ಲಿ.

37 ಡಿಗ್ರಿಯಲ್ಲಿ 14–18 ಗಂಟೆ ಬೆಳೆದ ಪ್ಲೇಟಿನಿಂದ ಬ್ಯಾಕ್ಟೀರಿಯಾ ತೆಗೆದು ಟ್ರಿಸ್–ಇಡಿಟಿಎ ಬಫರ್‌ನಲ್ಲಿ ಕಲಸುತ್ತೇವೆ. ನಮ್ಮ ಸ್ಪೆಕ್ಟ್ರೊಫೋಟೊಮೀಟರ್‌ನಲ್ಲಿ 610 ನ್ಯಾನೊಮೀಟರ್‌ಗೆ ದಟ್ಟಣೆಯ ರೀಡಿಂಗ್ 0.8ರಿಂದ 1.0ರೊಳಗೆ ಇರಬೇಕು. ಕಣ್ಣಂದಾಜು ಇಲ್ಲಿ ಬೇಡವೇ ಬೇಡ: ದಟ್ಟವಾದರೆ ಬ್ಯಾಂಡ್‌ಗಳು ದಪ್ಪಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ತೆಳುವಾದರೆ ಕೆಳಗಿನ ಸಣ್ಣ ಬ್ಯಾಂಡ್‌ಗಳು ಕಾಣುವುದೇ ಇಲ್ಲ. ಇದರ 400 ಮೈಕ್ರೊಲೀಟರ್‌ಗೆ 20 ಮೈಕ್ರೊಲೀಟರ್ ಪ್ರೊಟಿನೇಸ್ ಕೆ (ಪ್ರೋಟೀನ್ ಒಡೆಯುವ ಕಿಣ್ವ, ಮಿಲಿಲೀಟರ್‌ಗೆ 20 ಮಿಲಿಗ್ರಾಂ), ಆಮೇಲೆ ಕರಗಿಸಿ 55 ಡಿಗ್ರಿಯಲ್ಲಿ ಇಟ್ಟಿದ್ದ ಶೇ. 1ರ ಅಗರೋಸ್ 400 ಮೈಕ್ರೊಲೀಟರ್. ಪಿಪೆಟ್‌ನಲ್ಲಿ ಮೆಲ್ಲಗೆ ಬೆರೆಸಿ ಕೂಡಲೇ ಅಚ್ಚಿಗೆ ಹಾಕಬೇಕು, ಗುಳ್ಳೆ ಬರಬಾರದು.

ಜೀವಕೋಶ ಒಡೆಯುವ ಮಾರ್ಜಕವಾದ ಸಾರ್ಕೊಸಿಲ್ ಇರುವ ಬಫರ್‌ನಲ್ಲಿ 54–55 ಡಿಗ್ರಿಗೆ ಒಂದೂವರೆಯಿಂದ ಎರಡು ಗಂಟೆ ಅಲುಗಾಡಿಸಿದರೆ ಹಾಲಿನಂತಿದ್ದ ಪ್ಲಗ್ ತಿಳಿಯಾಗುತ್ತದೆ, ಬೆಳಕಿಗೆ ಹಿಡಿದರೂ ಅಂಚು ಹುಡುಕಬೇಕಾಗುತ್ತದೆ. ಆಮೇಲಿನ ತೊಳೆಯುವ ಕೆಲಸದಲ್ಲೇ ಅವಸರ ಮಾಡುವವರು ಹೆಚ್ಚು. ಬಿಸಿ ಶುದ್ಧ ನೀರಿನಲ್ಲಿ ಎರಡು ಸಲ, ಬಿಸಿ ಟಿಇ (ಟ್ರಿಸ್–ಇಡಿಟಿಎ) ಬಫರ್‌ನಲ್ಲಿ ನಾಲ್ಕು ಸಲ, ಪ್ರತಿ ಸಲವೂ 10–15 ನಿಮಿಷ. ಸಾರ್ಕೊಸಿಲ್ ಅಥವಾ ಪ್ರೊಟಿನೇಸ್ ಒಳಗೆ ಉಳಿದರೆ ಡಿಎನ್ಎ ಕತ್ತರಿಸುವ ಕಿಣ್ವ ಅರ್ಧಂಬರ್ಧ ಕೆಲಸ ಮಾಡುತ್ತದೆ. ಆಗ ಬ್ಯಾಂಡ್‌ಗಳ ನಡುವೆ ಮಸುಕು ನೆರಳುಗಳು ಮೂಡುತ್ತವೆ, ನೋಡುವವರಿಗೆ ಅದು ಬೇರೆಯೇ ಉಪವಿಧ ಎನಿಸುತ್ತದೆ. ತಪ್ಪು ತೀರ್ಮಾನಗಳ ದೊಡ್ಡ ಪಾಲು ಇಲ್ಲೇ ಹುಟ್ಟುತ್ತದೆ.

2–2.5 ಮಿಲಿಮೀಟರ್ ಅಗಲದ ಪ್ಲಗ್ ಸ್ಲೈಸ್‌ಗೆ ಡಿಎನ್ಎ ಕತ್ತರಿಸುವ ಎಕ್ಸ್‌ಬಾ-1 ಕಿಣ್ವ 50 ಯೂನಿಟ್, 37 ಡಿಗ್ರಿಯಲ್ಲಿ ಎರಡು ಗಂಟೆ. ಜೆಲ್ ಓಡಿಸಲು ಸಾಲ್ಮೊನೆಲ್ಲಾಗೆ 0.5ಎಕ್ಸ್ ಟಿಬಿಇ ಬಫರ್, 14 ಡಿಗ್ರಿ, ಸೆಂಟಿಮೀಟರ್‌ಗೆ 6 ವೋಲ್ಟ್, 120 ಡಿಗ್ರಿ ಕೋನ, ಸ್ವಿಚ್ ಸಮಯ (ವಿದ್ಯುತ್ತಿನ ದಿಕ್ಕು ಬದಲಾಗುವ ಅಂತರ) 2.2ರಿಂದ 63.8 ಸೆಕೆಂಡ್, ಒಟ್ಟು 18–19 ಗಂಟೆ. ಇ. ಕೋಲೈಗೆ ಸ್ವಿಚ್ ಸಮಯ ಬೇರೆ, ಇದನ್ನೇ ಹಾಕಬಾರದು.

ಜೆಲ್‌ಗಳನ್ನು ಒಂದಕ್ಕೊಂದು ಬೆಸೆಯುವುದು ಎಲ್ಲ ಲ್ಯಾಬುಗಳೂ ಅಳತೆಗೋಲಾಗಿ ಬಳಸುವ ತಳಿ, ಸಾಲ್ಮೊನೆಲ್ಲಾ ಬ್ರೇಂಡರಪ್ ಎಚ್9812. ಹತ್ತು ಲೇನ್‌ಗಳ ಜೆಲ್‌ನಲ್ಲಿ ಇದನ್ನು 1, 5, 10ನೇ ಲೇನ್‌ನಲ್ಲಿ ಹಾಕುತ್ತೇವೆ. ಹೀಗಾಗಿ ಬದಿಯಲ್ಲಿ ಓಟ ವಾಲಿದರೂ ಸಾಫ್ಟ್‌ವೇರ್ ಸರಿಹೊಂದಿಸಬಲ್ಲದು. ಇದರ ಕಟ್ಟಕಡೆಯ ಬ್ಯಾಂಡ್ ಜೆಲ್‌ನ ಅಂಚಿನಿಂದ 1–1.5 ಸೆಂಟಿಮೀಟರ್ ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ಮುಂದಿನ ಸಲ ಓಟದ ಸಮಯ ಬದಲಿಸುತ್ತೇವೆ, ಸ್ವಿಚ್ ಸಮಯವನ್ನಲ್ಲ.

ಎರಡು ಮಾದರಿಗಳ ನಡುವೆ ಒಂದೇ ಬ್ಯಾಂಡ್ ವ್ಯತ್ಯಾಸ ಕಂಡರೆ ವರದಿ ಬರೆಯುವ ಮೊದಲು ಹೊಸ ಪ್ಲಗ್ ಮಾಡಿ ಮತ್ತೆ ಓಡಿಸುತ್ತೇವೆ, ಜೊತೆಗೆ ಎರಡನೇ ಕಿಣ್ವ ಬಿಎಲ್ಎನ್-1ರಲ್ಲೂ ನೋಡುತ್ತೇವೆ.