ಮಳೆಗಾಲದಲ್ಲಿ ದಡಕ್ಕೆ ಬೀಳುವ ಕಡಲಹಕ್ಕಿ: ಪೆಂಗ್ವಿನ್ ಆರೈಕೆಯ ಕ್ರಮವನ್ನು ಕಾರವಾರಕ್ಕೆ ಹೊಂದಿಸಿಕೊಂಡ ಬಗೆ

ಜೂನ್ ಹಿಡಿದು ಪಡುವಣ ಗಾಳಿ ಜೋರಾಯಿತೆಂದರೆ ಮಾಜಾಳಿಯಿಂದ ಹಾರವಾಡದವರೆಗಿನ ಮರಳಿನಲ್ಲಿ ಸುಸ್ತಾದ ಕಡಲಹಕ್ಕಿಗಳು ಸಿಗತೊಡಗುತ್ತವೆ. ಮಾಸ್ಕ್ಡ್ ಬೂಬಿ, ಬ್ರೈಡಲ್ಡ್ ಟರ್ನ್, ಸೂಟಿ ಟರ್ನ್, ಅಪರೂಪಕ್ಕೊಂದು ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್. ಈ ಕೊನೆಯದು 40 ಗ್ರಾಂ ಆಸುಪಾಸು ತೂಗುವ ಹಕ್ಕಿ. ಅಂಟಾರ್ಕ್ಟಿಕಾದಲ್ಲಿ ಪೆಂಗ್ವಿನ್‌ಗಳ ನೆರೆಯಲ್ಲೇ ಮರಿ ಮಾಡಿ, ಅಲ್ಲಿ ಚಳಿಗಾಲ ಬಂದಾಗ ಅರಬ್ಬಿ ಸಮುದ್ರಕ್ಕೆ ಬರುತ್ತದೆ. ವಿಕಾಸದ ಲೆಕ್ಕದಲ್ಲೂ ಪೆಂಗ್ವಿನ್‌ಗೆ ಅತಿ ಹತ್ತಿರದ ನೆಂಟರು ಈ ಪೆಟ್ರೆಲ್, ಆಲ್ಬಟ್ರಾಸ್ ಗುಂಪಿನವೇ.

ಕಡಲಹಕ್ಕಿಗಳ ಶುಶ್ರೂಷೆಯಲ್ಲಿ ಇಂದು ಗೊತ್ತಿರುವುದರ ದೊಡ್ಡ ಪಾಲು ಪೆಂಗ್ವಿನ್‌ಗಳ ಮೇಲಿನ ಕೆಲಸದಿಂದ ಬಂದದ್ದು. 2000ರ ಜೂನ್‌ನಲ್ಲಿ ಕೇಪ್‌ಟೌನ್ ಬಳಿ ‘ಟ್ರೆಷರ್’ ಹಡಗು ಮುಳುಗಿ ತೈಲ ಸೋರಿದಾಗ ಸುಮಾರು 19,000 ಆಫ್ರಿಕನ್ ಪೆಂಗ್ವಿನ್‌ಗಳ ಮೈಗೆ ತೈಲ ಮೆತ್ತಿತ್ತು. ಅವನ್ನು ತೊಳೆದು ಬಹುಪಾಲನ್ನು ಕಡಲಿಗೆ ಮರಳಿಸಿದರು. ನಾವು ಇಲ್ಲಿ ಅನುಸರಿಸುವುದೂ ಅಂಥ ಕ್ರಮವನ್ನೇ. ಆದರೆ ನಮ್ಮ ಮಳೆಗಾಲಕ್ಕೆ ತಕ್ಕಂತೆ ಒಂದೆರಡು ಕಡೆ ಬಿಗಿ ಮಾಡಲೇಬೇಕು.

ಮೊದಲ ಫೋನ್ ಅರಣ್ಯ ಇಲಾಖೆಗೆ, ಎರಡನೆಯದು ಪಶುವೈದ್ಯರಿಗೆ. ಇವು ಕಾಡುಜೀವಿಗಳು, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಒಂದೇ ಕಡೆ ನಾಲ್ಕಾರು ಹಕ್ಕಿಗಳು ಸತ್ತು ಬಿದ್ದಿದ್ದರೆ ಮುಟ್ಟಲೇಬಾರದು. ಹಕ್ಕಿಜ್ವರ 2024ರಲ್ಲಿ ಅಂಟಾರ್ಕ್ಟಿಕಾದ ಮುಖ್ಯ ನೆಲವನ್ನೂ ಮುಟ್ಟಿದೆ. ಒಂಟಿ ಹಕ್ಕಿಯಾದರೂ ಗ್ಲೌಸ್, ಎನ್-95 ಮಾಸ್ಕ್, ಕಣ್ಣಿಗೆ ಕನ್ನಡಕ ಬೇಕು. ಬೂಬಿಯ ಗುರಿ ನೇರ ಕಣ್ಣಿಗೇ.

ಹಿಡಿಯುವಾಗ ದಪ್ಪ ಟವೆಲನ್ನು ತಲೆಯ ಮೇಲೆ ಹಾಕಿ, ರೆಕ್ಕೆಗಳನ್ನು ಮೈಗೆ ಒತ್ತಿ, ತಲೆಯನ್ನು ಹಿಂದಿನಿಂದ ಹಿಡಿಯಬೇಕು. ಕುಕ್ಕುತ್ತದೆಂದು ಕೊಕ್ಕಿಗೆ ರಬ್ಬರ್ ಬ್ಯಾಂಡ್ ಸುತ್ತುವವರಿದ್ದಾರೆ. ಬೂಬಿಗೆ ಹೊರಮೂಗಿನ ಹೊಳ್ಳೆಗಳೇ ಇಲ್ಲ. ಮೇಲಿನಿಂದ ನೀರಿಗೆ ಧುಮುಕುವ ಹಕ್ಕಿಯಾದ್ದರಿಂದ ಅವು ಮುಚ್ಚಿಹೋಗಿವೆ, ಉಸಿರಾಟವೆಲ್ಲ ಬಾಯಿಯ ಮೂಲೆಯಿಂದ. ಕೊಕ್ಕು ಬಿಗಿದರೆ ಪೆಟ್ಟಿಗೆ ತಲುಪುವ ಮೊದಲೇ ಉಸಿರುಗಟ್ಟಬಹುದು.

ಪೆಟ್ಟಿಗೆ ರಟ್ಟಿನದಾಗಿರಲಿ, ನಾಲ್ಕೂ ಬದಿಗೆ ತೂತು ಇರಲಿ. ಮೀನಿನ ಥರ್ಮೋಕೋಲ್ ಪೆಟ್ಟಿಗೆ ಬೇಡ, ಒಳಗೆ ಆವಿ ಕಟ್ಟುತ್ತದೆ. ಕೆಳಗೆ ಹಳೆಯ ಹತ್ತಿ ಬಟ್ಟೆ. ಭತ್ತದ ಹುಲ್ಲು, ತೆಂಗಿನ ನಾರು ಎರಡೂ ಕೂಡದು. ಕಾರಣ ಮುಂದೆ ಹೇಳುತ್ತೇನೆ.

ಬಂದ ಹಕ್ಕಿ ಹಸಿದಿದೆ ಎಂದು ಬಂಗಡೆ ತುರುಕುವುದೇ ಎಲ್ಲರೂ ಮಾಡುವ ಕೆಲಸ, ಹಕ್ಕಿ ಸಾಯುವುದೂ ಹೆಚ್ಚಾಗಿ ಇದರಿಂದಲೇ. ಕ್ರಮ ಇಷ್ಟೇ: ಮೊದಲು ಬಿಸಿ, ಆಮೇಲೆ ನೀರು, ಕೊನೆಗೆ ಆಹಾರ. ಈ ಹಕ್ಕಿಗಳ ಮೈಬಿಸಿ 39ರಿಂದ 41 ಡಿಗ್ರಿ ಸೆಲ್ಸಿಯಸ್. 38ಕ್ಕಿಂತ ಕೆಳಗಿದ್ದರೆ ಬಾಯಿಗೆ ಏನೂ ಹಾಕುವುದಿಲ್ಲ, ಕರುಳು ಕೆಲಸ ಮಾಡುತ್ತಿರುವುದಿಲ್ಲ. ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದೇ ಬದಿಗಿಡಬೇಕು. ಸೆಕೆಯಾದರೆ ಹಕ್ಕಿ ಇನ್ನೊಂದು ಬದಿಗೆ ಸರಿದುಕೊಳ್ಳುತ್ತದೆ. ಬಲ್ಬ್ ನಂಬಿದರೆ ಜೂನ್‌ನ ಕರೆಂಟನ್ನೂ ನಂಬಬೇಕಾಗುತ್ತದೆ.

ನೀರೆಂದರೆ 38–39 ಡಿಗ್ರಿಗೆ ಬೆಚ್ಚಗಾದ ಓಆರ್‌ಎಸ್, ಟ್ಯೂಬ್ ಮೂಲಕ. ಮಿತಿ ಕಿಲೋ ತೂಕಕ್ಕೆ 50 ಮಿಲಿ, ಮೊದಲ ಸಲ ಅದರ ಅರ್ಧ. 1.2 ಕಿಲೋ ಬೂಬಿಗೆ 30 ಮಿಲಿಯಿಂದ ಶುರು, ಪೆಟ್ರೆಲ್‌ಗೆ 1 ಮಿಲಿ ಮಾತ್ರ. ನಾಲಿಗೆಯ ಬುಡದಲ್ಲಿ ಸೀಳಿನಂತೆ ಕಾಣುವುದು ಶ್ವಾಸನಾಳದ ಬಾಯಿ. ಟ್ಯೂಬ್ ಅದರ ಪಕ್ಕದಿಂದ, ಹಿಂದಕ್ಕೆ ಇಳಿಯಬೇಕು. ಕತ್ತು ನೆಟ್ಟಗಿರಲಿ; ದ್ರವ ಬಾಯಿಗೆ ಮರಳಿ ಕಂಡರೆ ಆ ಕ್ಷಣವೇ ಟ್ಯೂಬ್ ತೆಗೆದು ಹಕ್ಕಿಯನ್ನು ಅದರಷ್ಟಕ್ಕೆ ಬಿಡಿ. ಸಿರಿಂಜಿನಿಂದ ಬಾಯಿಗೆ ನೀರು ಹನಿಸಿದರೆ ಅದು ಶ್ವಾಸಕೋಶಕ್ಕೇ ಹೋಗುವ ಸಂಭವ ಹೆಚ್ಚು.

ಹಿಕ್ಕೆ ಸರಿಯಾಗಿ ಬೀಳತೊಡಗಿದ ಮೇಲೆ ತೆಳ್ಳಗೆ ಅರೆದ ಮೀನು, ಅದು ಅರಗಿದರೆ ಇಡೀ ಮೀನು, ತಲೆ ಮುಂದಾಗಿ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಬೈತಖೋಲದ ಮೀನುಗಾರಿಕೆ ಬಂದರಿನಲ್ಲಿ ದೋಣಿಗಳು ಕಟ್ಟಿಕೊಂಡಿರುವ ಈ ಎರಡು ತಿಂಗಳಲ್ಲೇ ಹಕ್ಕಿಗಳೂ ಬೀಳುವುದು, ಸಿಗುವುದು ಹೆಚ್ಚಾಗಿ ಐಸ್ ಮೀನು. ತಾರ್ಲಿಯಂಥ ಹಲವು ಮೀನುಗಳಲ್ಲಿ ಥಯಾಮಿನ್ ಅಂದರೆ ಬಿ1 ವಿಟಮಿನ್ ಒಡೆಯುವ ಕಿಣ್ವವಿದೆ, ಅದು ಶೀತಲೀಕರಣದಲ್ಲೂ ಪೂರ್ತಿ ಸುಮ್ಮನಿರುವುದಿಲ್ಲ. ಆದ್ದರಿಂದ ಮೃಗಾಲಯದ ಪೆಂಗ್ವಿನ್‌ಗಳಿಗೆ ಕೊಡುವಂತೆಯೇ ಕಿಲೋ ಮೀನಿಗೆ 25–30 ಮಿಲಿಗ್ರಾಂ ಥಯಾಮಿನ್, 100 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ವಿಟಮಿನ್ ಇ. ಗುಳಿಗೆಯನ್ನು ಕಿವಿರಿನೊಳಗೆ ಸಿಕ್ಕಿಸಿದರೆ ಉದುರುವುದಿಲ್ಲ. ಮೀನನ್ನು ಫ್ರಿಜ್‌ನ ಕೆಳ ಅರೆಯಲ್ಲಿ ಕರಗಿಸಿ. ಬಕೆಟ್ ನೀರಿಗೆ ಹಾಕಿದರೆ ಉಳಿದ ವಿಟಮಿನ್ ಕೂಡ ನೀರುಪಾಲು.

ಈಗ ಹುಲ್ಲಿನ ವಿಚಾರ. ಪೆಂಗ್ವಿನ್‌ಗಳನ್ನು ಬಂಧನದಲ್ಲಿ ಕೊಲ್ಲುವ ದೊಡ್ಡ ಕಾಯಿಲೆ ಆಸ್ಪರ್ಜಿಲೋಸಿಸ್, ಆಸ್ಪರ್ಜಿಲಸ್ ಎಂಬ ಬೂಸ್ಟಿನಿಂದ ಬರುವಂಥದು. ಶುದ್ಧ ಕಡಲಗಾಳಿಯಲ್ಲಿ ಬೆಳೆದ ಹಕ್ಕಿಗಳಿಗೆ ಈ ಬೂಸ್ಟಿನ ಪರಿಚಯ ಕಡಿಮೆ, ಆತಂಕದಲ್ಲಿರುವಾಗ ತಡೆಯುವ ಶಕ್ತಿಯೂ ಕಡಿಮೆ. ಜುಲೈನಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುವ ಊರು ನಮ್ಮದು. ಒದ್ದೆ ಹುಲ್ಲಿನ ಮೇಲೆ ಹಕ್ಕಿ ಕೂರಿಸಿದರೆ ಪ್ರತಿ ಉಸಿರಿಗೂ ಬೀಜಕಣ. ತಿಂದರೂ ತೂಕ ಇಳಿಯುವುದು, ದನಿ ಬದಲಾಗುವುದು, ಬಾಯಿ ತೆರೆದು ಏದುವುದು (ಇದನ್ನು ಬೂಬಿಯಲ್ಲಿ ಗುರುತಿಸುವುದು ಕಷ್ಟ) ಕಾಣುವ ಹೊತ್ತಿಗೆ ಶ್ವಾಸಕೋಶಕ್ಕೆ ಸೇರಿದ ಗಾಳಿಚೀಲಗಳು ಹಾಳಾಗಿರುತ್ತವೆ. ಹಾಗಾಗಿ ಲಕ್ಷಣಕ್ಕೆ ಕಾಯದೆ ವೈದ್ಯರು ಬೂಸ್ಟು ತಡೆಯುವ ಔಷಧ ಇಟ್ರಾಕೊನಜೋಲ್ ಶುರು ಮಾಡುತ್ತಾರೆ: ಕಿಲೋ ತೂಕಕ್ಕೆ ದಿನಕ್ಕೆ 10–20 ಮಿಲಿಗ್ರಾಂ, ಆಹಾರದ ಜೊತೆ. ನನ್ನ ಮಟ್ಟಿಗೆ ಔಷಧಕ್ಕಿಂತ ಎಕ್ಸಾಸ್ಟ್ ಫ್ಯಾನ್ ದೊಡ್ಡದು. ಕಿಟಕಿ ಮುಚ್ಚಿ ಬೆಚ್ಚಗಿಟ್ಟ ಕೋಣೆಯೇ ಅಪಾಯದ ಕೋಣೆ. ಕಿಟಕಿಗೆ ಸೊಳ್ಳೆಪರದೆಯೂ ಬೇಕು, ಹಕ್ಕಿಮಲೇರಿಯಾ ಪೆಂಗ್ವಿನ್‌ಗಳ ಇನ್ನೊಂದು ಶತ್ರು.

ಸದಾ ನೀರಿನಲ್ಲೋ ಗಾಳಿಯಲ್ಲೋ ಇರುವ ಹಕ್ಕಿ ಗಟ್ಟಿ ನೆಲದಲ್ಲಿ ಕೂತರೆ ಎದೆಮೂಳೆಯ ಮೇಲೂ ಅಂಗಾಲಿನಲ್ಲೂ ಹುಣ್ಣಾಗುತ್ತದೆ. ಒಂದಿಂಚು ಪಿವಿಸಿ ಪೈಪಿನ ಚೌಕಟ್ಟಿಗೆ ಬಲೆ ಬಿಗಿದು ನೆಲದಿಂದ ಒಂದು ಗೇಣು ಮೇಲಿಟ್ಟರೆ ಹಿಕ್ಕೆ ಕೆಳಗೆ ಬೀಳುತ್ತದೆ, ಗರಿಯೂ ಚೊಕ್ಕ. ಬಲೆ ಗಂಟಿಲ್ಲದ್ದೇ ಆಗಬೇಕು. ದೋಣಿಯ ಹಳೆ ಬಲೆಯ ಗಂಟುಗಳೇ ಚರ್ಮ ಕೊರೆಯುತ್ತವೆ.

ಮೈಗೆ ಡಾಂಬರು ಉಂಡೆ ಅಂಟಿದ್ದರೆ ಸೀಮೆಎಣ್ಣೆ ಮುಟ್ಟಿಸಬೇಡಿ. ಆ ಜಾಗಕ್ಕಷ್ಟೇ ಬೆಚ್ಚಗಿನ ಅಡುಗೆ ಎಣ್ಣೆ ಸವರಿ ಮೆತ್ತಗಾದ ಮೇಲೆ, 40–41 ಡಿಗ್ರಿ ನೀರಿನಲ್ಲಿ ಶೇ. 1–2ರಷ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ತೊಳೆಯುವುದು. ಹಕ್ಕಿ ಚೇತರಿಸಿಕೊಳ್ಳುವ ಮೊದಲು ತೊಳೆದರೆ ಆ ಆಯಾಸಕ್ಕೇ ಹೋಗುತ್ತದೆ. ಸೋಪು ಬಿಡಿಸಲು ತೊಳೆದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಗಡಸು ನೀರಾದರೆ ಸೋಪಿನ ಬಿಳಿ ಪುಡಿ ಗರಿಗೆ ಕೂತು ನೀರು ಒಳಗಿಳಿಯುತ್ತದೆ.

ಬಿಡುವ ಮುನ್ನ ತೊಟ್ಟಿಯ ಪರೀಕ್ಷೆ. ನೀರು ಗರಿಯ ಮೇಲೆ ಮುತ್ತಾಗಿ ಉರುಳಬೇಕು. ಹೊಟ್ಟೆಯ ಗರಿ ಬಿಡಿಸಿದರೆ ಒಳಗಿನ ತುಪ್ಪಳ ಒಣಗಿರಬೇಕು. ತೊಟ್ಟಿಯಲ್ಲೇ ಮೀನು ಹಾಕಿದರೆ ಎಣ್ಣೆಪದರ ತೇಲಿ ಗರಿ ಮತ್ತೆ ಕೆಡುತ್ತದೆ, ಹಾಗಾಗಿ ನೀರು ಸದಾ ಅಂಚಿನಿಂದ ಹೊರಹರಿಯುತ್ತಿರಲಿ. ಮಳೆ ಹೊಳವಾದ ದಿನ ನೋಡಿ, ಅಲೆಯ ಹೊಡೆತವಿಲ್ಲದ ಕಡೆಯಿಂದ ಬಿಡುತ್ತೇವೆ. ಬೂಬಿಯನ್ನು ಬೆಳಗ್ಗೆ ಬಿಟ್ಟರೆ ಬೇಟೆಯಾಡಲು ಅದಕ್ಕೆ ಇಡೀ ಹಗಲು ಸಿಗುತ್ತದೆ. ಪೆಟ್ರೆಲ್‌ಗಳನ್ನು ಮಾತ್ರ ಬಂದರಿನ ಕಾಗೆ, ಗರುಡಗಳು ಗೂಡು ಸೇರಿದ ಮೇಲೆ, ಮುಸ್ಸಂಜೆಯಲ್ಲಿ.